ಕಾರ್ಟೂನಿನ್ಯಾಗ ಯಾರರ ಸಾಯ್ತಾರೇನ್ರಿ?

‘ಬಂದ್ ಮಾಡ್ರಿ ಅದನ್ನ! ಕಾರ್ಟೂನಿನ್ಯಾಗ ಯಾರರ ಸಾಯ್ತಾರೇನ್ರಿ?’

ಹೀಗೆ ಕೂಗಿದವರು ಗಡಿಯಾಚೆಯ ಡಿಚೋಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಹೊಸಮನಿಯವರು. ಕೂಗಿದ್ದು ನನ್ನ ಮೇಲೆ, ಎರಡು ವಾರದ ಹಿಂದಿನ ಭಾನುವಾರ, ಮಕ್ಕಳು ಮತ್ತು ತಾಯಂದಿರು ತುಂಬಿದ್ದ ಹಾಲಿನಲ್ಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಏನಾಯಿತೆಂದರೆ, ಮಡ್ಕಯಿಯ ನಮ್ಮ ಫ್ಯಾಕ್ಟರಿಗೆ ಹೊಸ ಮಷಿನ್ ಬಂತು. ಅದನ್ನು ಕೂಡಿಸಿಕೊಡಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸ್ಟೋರ್ಸ್ ನೋಡಿಕೊಳ್ಳುವ ನನಗೂ ಅವರಿಗೂ ದಿನಾ ಒಡನಾಟ. ಇಬ್ಬರದೂ ಹರಕುಮುರುಕು ಇಂಗ್ಲಿಷ್. ಏನಾದರೂ ಮಾತಾಡಬೇಕಲ್ಲ? ‘ನಿಮ್ಮ ದೇಶದ ಕಾರ್ಟೂನು ಅಂದರೆ ನನ್ನ ಮಗಳಿಗೆ ಪ್ರಾಣ’ ಎಂದೆ. (ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಹಿಂದಿ ಮಾತಾಡುವ ಆ ಪ್ರಾಣಿಗಳು ಜಪಾನಿನಲ್ಲಿ ಹುಟ್ಟಿದವು ಅಂತ ನನಗೆ ಗೊತ್ತಾದದ್ದೂ ಮೊನ್ನೆ ಮೊನ್ನೆ.)

ಅವರು ನಕ್ಕರು. ಮನೆ ಎಲ್ಲಿ ಅಂತ ಕೇಳಿದರು. ಡಿಚೋಲಿ, ಅದಿರು ಗಣಿಗಳ ಊರು ಎಂದೆ. ನಗು ನಿಂತಿತು. ತಮ್ಮದೂ ಗಣಿಯ ಊರೇ, ಕಲ್ಲಿದ್ದಲಿನದು ಎಂದರು. ಮರುದಿನ ಒಂದು ವಿಡಿಯೊ ಕ್ಯಾಸೆಟ್ ತಂದು ಎರಡೂ ಕೈಯಿಂದ ಕೊಟ್ಟರು. ‘ಇದೂ ಜಪಾನಿನ ಅನಿಮೇಷನ್. ನೋಡಿ.’

ನಾನು ನೋಡಿದೆನೆ? ಎಲ್ಲಿಯ ಮಾತು! ಕಾರ್ಟೂನು ತಾನೆ? ಸಂಘದ ಮಕ್ಕಳ ಕಾರ್ಯಕ್ರಮಕ್ಕೆ ನೇರವಾಗಿ ಒಯ್ದೆ. ಗಲ್ಫಿನಿಂದ ಬಂದ ಗೆಳೆಯರೊಬ್ಬರ ವಿಸಿಆರ್ ಇತ್ತು. ಹಾಕಿದೆವು.

ಗೆರೆಯಲ್ಲಿ ಬಿಡಿಸಿದ ಕರಿ ಗುಡ್ಡ. ಒಂದು ಸಣ್ಣ ಮನೆ. ಹೆಂಡತಿ ಗಂಡನಿಗೆ ಬುತ್ತಿ ಕಟ್ಟುತ್ತಾಳೆ. ಅವನು ಅದನ್ನು ಮರೆತು ಗಣಿಗೆ ಇಳಿಯುತ್ತಾನೆ. ‘ಪ್ರಾಣಿ ಯಾವಾಗ ಬರ್ತಾವ?’ ಅಂತ ಮಕ್ಕಳು ಶುರು ಹಚ್ಚಿಕೊಂಡರು. ಬಂದದ್ದು ಸೈರನ್. ಜನ ಓಡಿದರು. ಬುತ್ತಿ ಹಿಡಿದ ಹೆಂಡತಿ ಗಣಿಯ ಬಾಯಿಗೆ ಬಂದು ನಿಂತಳು. ಒಳಗಿನಿಂದ ಒಂದೊಂದೇ ಹೆಣ ಮೇಲೆ ಬರತೊಡಗಿತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಜೋರಾಗಿ ಅತ್ತಳು. ಹೊಸಮನಿಯವರು ಕೂಗಿದರು. ನಾನು ಸ್ವಿಚ್ ಒತ್ತಿದೆ.

‘ತೆಗೀಬ್ಯಾಡ್ರಿ ಅಣ್ಣಾರ. ನಾ ನೋಡಾಕತ್ತೇನಿ.’

ದನಿ ಹಿಂದಿನಿಂದ ಬಂದಿತ್ತು. ಕಸ್ತೂರೆವ್ವ. ಬಿಜಾಪುರ ಕಡೆಯವಳು. ಮೂರು ವರ್ಷದ ಹಿಂದೆ ಗಣಿಯಲ್ಲಿ ಮಣ್ಣು ಕುಸಿದು ಅವಳ ಗಂಡ ಸತ್ತ. ಅವನು ಸಿಕ್ಕಿದ್ದು ನಾಲ್ಕನೇ ದಿನಕ್ಕೆ. ಇದು ಆ ಹಾಲಿನಲ್ಲಿದ್ದ ಎಲ್ಲ ದೊಡ್ಡವರಿಗೂ ಗೊತ್ತು.

‘ಏ ಬಿಡವ್ವಾ, ಹುಡುಗರ ಚಿತ್ರ ನೀ ಏನ್ ನೋಡ್ಕೊಂತ ಕುಂದರ್ತಿ?’ ಎಂದರು ಹೊಸಮನಿ. ಎಲ್ಲರೂ ನಕ್ಕರು. (ನಾನೂ.) ಅದರ ಬದಲು ಸಂಘದಲ್ಲಿದ್ದ ಅದೇ ಕುಣಿಯುವ ಪ್ರಾಣಿಗಳ ಕ್ಯಾಸೆಟ್ ಹಾಕಿದೆವು. ಕಸ್ತೂರೆವ್ವ ಎದ್ದು ಹೋದಳು.

ಮಕ್ಕಳು ಅತ್ತರೆ ನಿಲ್ಲಿಸಲೇಬೇಕು, ಒಪ್ಪಿದೆ. ತಪ್ಪು ನನ್ನದೇ. ಆದರೆ ಕೈಯಲ್ಲಿ ಬಿಡಿಸಿದ ಚಿತ್ರವೆಲ್ಲ ಮಕ್ಕಳಿಗೇ ಅಂತ ನಮಗೆ ಹೇಳಿದವರು ಯಾರು? ಭಾನುವಾರದ ಆ ಒಂದು ಗಂಟೆಯೆ? ಟಿ.ವಿ.ಯವರು ಒಂದು ಮಕ್ಕಳ ಕಾರ್ಟೂನು ತೋರಿಸಿದರು, ನಾವು ಇಡೀ ಜಪಾನಿಗೆ ಚಡ್ಡಿ ತೊಡಿಸಿಬಿಟ್ಟೆವು! ನಮ್ಮ ಕಡೆ ತೊಗಲುಗೊಂಬೆ ಆಟ ಮಕ್ಕಳದೆ? ಚರ್ಮದ ಸೀತೆ ಕಾಡಿಗೆ ಹೋಗುವಾಗ ಮೀಸೆ ಹೊತ್ತ ಗೌಡರು ಟವೆಲ್ಲಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಯಾರಾದರೂ ‘ಹುಡುಗರ ಆಟ, ಏಳ್ರಿ’ ಅಂದಿದ್ದರೆ?

ಸೋಮವಾರ ಕ್ಯಾಸೆಟ್ ವಾಪಸು ಕೊಟ್ಟೆ. ಎಂಜಿನಿಯರ್ ಅಂದೇ ಊರಿಗೆ ಹೊರಟಿದ್ದರು. ‘ಮಕ್ಕಳಿಗೆ ಬಹಳ ಹಿಡಿಸಿತು’ ಎಂದು ಸುಳ್ಳು ಹೇಳಿದೆ. ‘ಮಕ್ಕಳಿಗೆ?’ ಎಂದರು. ಆಮೇಲೆ ಬಗ್ಗಿ ನಮಸ್ಕರಿಸಿ ಕ್ಯಾಸೆಟ್ಟನ್ನು ಬ್ಯಾಗಿಗಿಟ್ಟುಕೊಂಡರು. ನಾಚಿಕೆಯಾಯಿತು. ಯಾಕೆ ಅಂತ ಪೂರ್ತಿ ತಿಳಿಯಲಿಲ್ಲ.

ತಿಳಿದದ್ದು ಗುರುವಾರ. ಬಸ್ ಸ್ಟ್ಯಾಂಡಿನಲ್ಲಿ ಕಸ್ತೂರೆವ್ವ ಸಿಕ್ಕಳು. ನೇರವಾಗಿ ಕೇಳಿದಳು:

‘ಅಣ್ಣಾರ, ಆಕಿ ಗಂಡ ಸಿಕ್ಕನೇನ್ರಿ?’

‘ಗೊತ್ತಿಲ್ಲವ್ವಾ. ನಾ ಪೂರ್ತಿ ನೋಡಿಲ್ಲ’ ಎಂದೆ.

‘ತಂದವ್ರು ನೀವ. ನೀವರ ಯಾಕ ನೋಡ್ಲಿಲ್ರಿ?’

‘ಮಕ್ಕಳ ಕಾರ್ಟೂನು ಅಂತ...’

‘ಆಕಿ ಬುತ್ತಿ ಹಿಡ್ಕೊಂಡು ನಿಂತಿದ್ಲಲ್ರಿ,’ ಎಂದಳು ಕಸ್ತೂರೆವ್ವ. ‘ನಾನೂ ಹಂಗ ನಿಂತಿದ್ನಿ. ಅದ್ರಾಗ ಮಕ್ಕಳಾಟ ಏನಿತ್ರಿ?’

ಬಸ್ಸು ಬಂತು, ಹತ್ತಿ ಹೋದಳು. ಆ ಚಿತ್ರದಲ್ಲಿ ಆಡಿದ ಮಾತು ಜಪಾನಿ. ಅವಳಿಗೆ ಒಂದು ಅಕ್ಷರವೂ ಬಾರದು. ಆದರೂ ಆ ಹಾಲಿನಲ್ಲಿ ಸಿನಿಮಾ ಅರ್ಥವಾದದ್ದು ಅವಳೊಬ್ಬಳಿಗೆ.

ಮ್ಯಾನೇಜರರನ್ನು ಕಾಡಿ ಆ ಎಂಜಿನಿಯರ್ ಅವರಿಗೆ ಫ್ಯಾಕ್ಸ್ ಕಳಿಸಿದ್ದೇನೆ. ಮಷಿನ್ ಬಗ್ಗೆ ಅಲ್ಲ, ಕಸ್ತೂರೆವ್ವನ ಪ್ರಶ್ನೆ ಅಷ್ಟೇ. ಉತ್ತರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ನೀವೊಂದು ಹೇಳಿ: ಅಂದು ಆ ಹಾಲಿನಲ್ಲಿ ದೊಡ್ಡವರು ಅಂತ ಎಷ್ಟು ಜನ ಇದ್ದರು?