ಕಾಕಾನ ಉಡದಾರ

ಬೆಟಗೇರಿ ಸಂತೆಯಲ್ಲಿ ಮೊನ್ನೆ ಒಬ್ಬಾಕೆ ಬುಟ್ಟಿ ತುಂಬ ನೇರಳೆ ಹಣ್ಣು ಇಟ್ಟುಕೊಂಡು ಕುಳಿತಿದ್ದಳು. ನೀರು ಚಿಮುಕಿಸಿದ್ದಳು, ಹಣ್ಣು ಮಿರಿಮಿರಿ ಹೊಳೆಯುತ್ತಿದ್ದವು. ನನ್ನ ಹೆಂಡತಿ ಅರ್ಧ ಕಿಲೋ ಕೇಳಿದಳು, ನಾನು ಬೇಡ ಎಂದೆ. ಅವಳು ನನ್ನ ಜಿಪುಣತನದ ಹಳೆಯ ಪುರಾವೆಗಳನ್ನೆಲ್ಲ ಆ ಹಣ್ಣಿನಾಕೆಯ ಮುಂದೆಯೇ ಹೊರತೆಗೆದಳು. ನೀವೇ ಹೇಳಿ, ತುಂಬಿದ ಸಂತೆಯಲ್ಲಿ ನಿಂತು 'ಈ ಬಣ್ಣ ಕಂಡರೆ ನನಗೆ ನಮ್ಮ ಕಾಕಾನ ಕರುಳು ನೆನಪಾಗುತ್ತದೆ' ಎಂದು ಹೇಳುವುದು ಹೇಗೆ? ಆ ಬಡಪಾಯಿಯ ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತು. ಜಿಪುಣ ಎನಿಸಿಕೊಂಡೇ ಮನೆಗೆ ಬಂದೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಮುಂಡರಗಿಯಲ್ಲಿ ಒಣಮೆಣಸಿನಕಾಯಿಯ ವ್ಯಾಪಾರಿ. ಒಂದು ಕಾಯಿಯನ್ನು ಎತ್ತಿ ಬಿಸಿಲಿಗೆ ಹಿಡಿದರೆ ಸಾಕು, ಅದು ಈ ವರ್ಷದ್ದೋ ಹೋದ ವರ್ಷದ್ದೋ, ತೂಕ ಬರಲೆಂದು ನೀರು ಹೊಡೆದಿದ್ದಾರೋ ಇಲ್ಲವೋ ಹೇಳಿಬಿಡುತ್ತಿದ್ದ. ಬಣ್ಣದ ವಿಷಯದಲ್ಲಿ ಅವನಿಗೆ ಎದುರಾಡಲು ಹಿರೇವಡ್ಡಟ್ಟಿಯ ರೈತರೂ ಹಿಂದೆಮುಂದೆ ನೋಡುತ್ತಿದ್ದರು. ಇಂಥವನ ಕರುಳಿನ ಕೊನೆಯಲ್ಲಿ ಗಡ್ಡೆ ಬೆಳೆಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗಡ್ಡೆ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಹೊಲಿದರು. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಮಲವೆಲ್ಲ ಅಲ್ಲಿಂದ ಬಂದು ಹೊಟ್ಟೆಗೆ ಅಂಟಿಸಿದ ಚೀಲದಲ್ಲಿ ಬೀಳುತ್ತದೆ. ಜೀವಮಾನವಿಡೀ ಚೀಲಗಳ ನಡುವೆಯೇ ಬದುಕಿದ ಮನುಷ್ಯ ಈ ಒಂದು ಚೀಲವನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ಮನೆಗೆ ಕಳಿಸುವ ದಿನ ಅಲ್ಲಿನ ನರ್ಸ್ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಾಕಾ ಅಷ್ಟೂ ಹೊತ್ತು ಫ್ಯಾನು ನೋಡುತ್ತಿದ್ದ. ನಾನೂ ಅದೇ ಫ್ಯಾನು ನೋಡುತ್ತಿದ್ದೆ. ಸೂಜಿ ಕಂಡರೆ ಗೋಡೆ ಹಿಡಿಯುವ ಜಾತಿ ನನ್ನದು. ಕೇಳಿಸಿಕೊಂಡವಳು ಕಾಕಾನ ಹೆಂಡತಿ, ನಮ್ಮ ಚಿಗವ್ವ ಒಬ್ಬಳೇ.

"ನಿಮ್ಮ ಬಾಯಿ ಒಳಗ ಹೆಂಗ ಕೆಂಪಗ, ಹಸಿ ಹಸಿ ಇರ್ತೈತಿ ನೋಡ್ರಿ, ಇದೂ ಹಂಗ ಇರಬೇಕು. ಒರಸೂ ಮುಂದ ಒಂದೆರಡು ಹನಿ ರಕ್ತ ಬಂದ್ರ ಅಂಜಬ್ಯಾಡ್ರಿ. ಬಣ್ಣ ನೀಲಿ ಆತು, ಕಪ್ಪ ಆತು ಅಂದ್ರ ಕುಂಡರಬ್ಯಾಡ್ರಿ. ಚೀಲದಾಗ ಏನೂ ಬರವಲ್ದು, ಹೊಟ್ಟಿ ನೋಯ್ತೈತಿ, ವಾಂತಿ ಆಗ್ತೈತಿ ಅಂದ್ರೂ ಹಂಗ. ಸೀದಾ ದವಾಖಾನಿಗೆ ಬರ್ರಿ" ಎಂದಿದ್ದಳು ನರ್ಸ್.

ಚಿಗವ್ವ ಇದನ್ನು ಪಾಲಿಸಿದ ರೀತಿ ಬೇರೆ. ದಿನಾ ಬೆಳಿಗ್ಗೆ ಕಾಕಾನನ್ನು ಕಿಟಕಿಯ ಬೆಳಕಿಗೆ ಕೂರಿಸಿ "ಬಾಯಿ ತಗೀರಿ" ಎನ್ನುತ್ತಿದ್ದಳು. ಒಮ್ಮೆ ಬಾಯೊಳಗೆ, ಒಮ್ಮೆ ಹೊಟ್ಟೆಯ ಮೇಲೆ ನೋಡಿ, ಎರಡೂ ಬಣ್ಣ ಕೂಡಿದರೆ "ಬರೋಬ್ಬರಿ ಐತಿ" ಎಂದು ಚಹಾಕ್ಕೆ ಇಡುತ್ತಿದ್ದಳು. ಅಂಗಡಿಯಲ್ಲಿ ಮೆಣಸಿನಕಾಯಿಗೆ ಕಾಕಾ ಮಾಡುತ್ತಿದ್ದ ಪರೀಕ್ಷೆ ಈಗ ಅವನಿಗೇ ಆಗುತ್ತಿತ್ತು. ಮಾತನಾಡಿಸಲು ಬಂದವರು ಇನ್ನೊಂದು ಕಾಟ. ಚೀಲದ ಅಂಟು ತಾಗಿ ಚರ್ಮ ಕೆಂಪಾಗಿದೆ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ಪಕ್ಕದ ಮನೆಯ ಮುದುಕಿ ಅರಿಸಿನ-ಎಣ್ಣೆ ಹಚ್ಚಿಸಿದಳು. ಎಣ್ಣೆಯ ಮೇಲೆ ಚೀಲ ಅಂಟುವುದುಂಟೇ? ಅತ್ತ ಮುದುಕಿ ತನ್ನ ಔಷಧದ ಗುಣ ವರ್ಣಿಸುತ್ತಿರುವಾಗಲೇ ಇತ್ತ ಚೀಲ ಕಳಚಿ ಬಿತ್ತು. ಮುದುಕಿ ಮತ್ತೆ ಬರಲಿಲ್ಲ. ಅದೊಂದು ಲಾಭ.

ಈಗ ಉಡದಾರದ ಮಾತು. ನಮ್ಮ ಮನೆತನದಲ್ಲಿ ಗಂಡಸಾದವನು ಸೊಂಟಕ್ಕೆ ಉಡದಾರ ಇಲ್ಲದೆ ಇರಕೂಡದು. ಅದನ್ನು ಹರಿಯುವುದು ಒಂದೇ ದಿನ, ಹೆಂಡತಿ ತೀರಿಕೊಂಡ ದಿನ. ಆಪರೇಷನ್ನಿಗೆ ಮೊದಲು ಆಸ್ಪತ್ರೆಯವರು ಕೇಳದೆಯೇ ಕತ್ತರಿಸಿದ್ದರು. ಮುಂಡರಗಿಯ ಹೊಸ್ತಿಲು ದಾಟಿದ ಕೂಡಲೇ ಕಾಕಾ ನೀರು ಕೇಳಲಿಲ್ಲ, ಹೊಸ ಕರಿ ದಾರ ಕೇಳಿದ. ಚಿಗವ್ವ ಸಡಿಲಾಗಿ ಕಟ್ಟಿ, ಸ್ಟೋಮಾಕ್ಕೆ ತಾಗದಂತೆ ಕೆಳಗೆ ಸರಿಸಿದಳು.

ಆಮೇಲೆ ಮಗಳ ಬಾಣಂತನಕ್ಕೆಂದು ಚಿಗವ್ವ ಲಕ್ಷ್ಮೇಶ್ವರಕ್ಕೆ ಹೋದಳು. ಕಾಕಾನಿಗೆ ರೆಕ್ಕೆ ಬಂತು. ವೈದ್ಯರು ಬೇಡವೆಂದರೂ ಅಂಗಡಿಗೆ ಹೊರಟ. ಚೀಲ ತುಂಬಿದರೆ ಜೋತು ಬೀಳುತ್ತದೆ, ಗಿರಾಕಿಯ ಮುಂದೆ ಧೋತರದ ಕೆಳಗೆ ಅಲ್ಲಾಡುತ್ತದೆ. ಅದಕ್ಕೆ ಅವನು ಕಂಡುಕೊಂಡ ಉಪಾಯವೆಂದರೆ ಉಡದಾರವನ್ನೇ ಬಿಗಿದು ಕಟ್ಟಿ, ಚೀಲವನ್ನು ಅದರೊಳಗೆ ಸಿಕ್ಕಿಸಿ, ಮೇಲೆ ಧೋತರ ಬಿಗಿಯುವುದು. ಮೂಟೆ ಕಟ್ಟಿದ ಕೈಗೆ ಬಿಗಿಯುವುದೊಂದೇ ಗೊತ್ತು.

ಚಿಗವ್ವ ಮರಳಿದ ದಿನ ಭಾನುವಾರ, ನಾನೂ ಅಲ್ಲಿದ್ದೆ. ಅವಳು ಬಸ್ಸಿಳಿದು ಬಂದಾಗ ಕಾಕಾ ಹಾಸಿಗೆಯ ಮೇಲೆ ಒಂದು ಮಗ್ಗುಲಾಗಿ ಕುಳಿತಿದ್ದ. ರೊಟ್ಟಿ ಮುಟ್ಟಿರಲಿಲ್ಲ.

"ಏನಾಗೇತ್ರಿ?"

"ಏನಿಲ್ಲ. ವಾಯು."

"ಅಂಗಿ ಎತ್ತರಿ."

"ಹುಡುಗ ಅದಾನ."

ಹುಡುಗನೆಂದರೆ ನಾನು. ನನಗೆ ಆಗಲೇ ತಲೆ ಬೆಳ್ಳಗಾಗಿತ್ತು. ಚಿಗವ್ವ ತಾನೇ ಅಂಗಿ ಎತ್ತಿದಳು, ಧೋತರ ಸಡಿಲಿಸಿದಳು. ಪಾರದರ್ಶಕ ಚೀಲ. ಒಳಗೆ ಏನೂ ಬಂದಿರಲಿಲ್ಲ. ಕೆಂಪು ಗುಂಡಿಯಷ್ಟಿರಬೇಕಾದ ಕರುಳು ಉದ್ದಕ್ಕೆ ಹೊರಗೆ ಜಾರಿ, ಬಾತು, ನೇರಳೆ ಹಣ್ಣಿನ ಬಣ್ಣವಾಗಿತ್ತು. ಅದರ ಬುಡದಲ್ಲಿ, ಚೀಲದ ಮೇಲಿನಿಂದ, ಉಡದಾರ ಒತ್ತಿ ಹೂತುಹೋಗಿತ್ತು.

"ಬಾಯಿ ತಗೀರಿ" ಎಂದಳು. ಕಾಕಾ ತೆಗೆದ. ಚಿಗವ್ವ ಬಾಯಿ ನೋಡಿದಳು, ಹೊಟ್ಟೆ ನೋಡಿದಳು, "ಬರೋಬ್ಬರಿ ಐತಿ" ಎನ್ನಲಿಲ್ಲ. "ಲೇ ತಮ್ಮಾ, ಎದುರು ಮನಿಯವರ ಗಾಡಿ ಐತೇನ ನೋಡು" ಎಂದಳು ನನಗೆ. ನಾನು ಗೋಡೆ ಹಿಡಿದುಕೊಂಡೇ ಬಾಗಿಲವರೆಗೆ ಹೋಗಿ, ಗಾಡಿಗೆ ಕೂಗು ಹಾಕಿ ಬಂದೆ.

ಉಡದಾರದ ಗಂಟು ಬೆವರಿಗೆ ನೆಂದು ಬಿಗಿದಿತ್ತು, ಬಿಚ್ಚಲು ಬರಲಿಲ್ಲ. ಚೀಲದ ಅಂಟಿನಲ್ಲಿ ತೂತು ಕತ್ತರಿಸುವ ಮೊಂಡುತುದಿಯ ಕತ್ತರಿ ತಂದಳು. ಕಾಕಾ ಅವಳ ಕೈ ಹಿಡಿದ.

"ಹರೀಬ್ಯಾಡ. ನೀ ಇನ್ನೂ ಅದೀ."

"ಅದೀನಿ ಅಂತನ ಹರೀತೀನ್ರಿ. ನಾ ಇಲ್ಲದಾಗ ಇದನ್ನ ಯಾರ ನೋಡಾವ್ರು?"

"ಅಪಶಕುನ ಲೇ."

"ಅಪಶಕುನ ಆದ್ರ ನನಗ ಆಗ್ತೈತಿ, ನಾ ನೋಡ್ಕೋತೀನಿ. ನೀವು ಅಲಗಾಡಬ್ಯಾಡ್ರಿ."

ಸೊಂಟದ ಬದಿಯಲ್ಲಿ, ಕರುಳಿಗೆ ದೂರವಾಗಿ, ಕತ್ತರಿ ಕಚಕ್ ಎಂದಿತು. ಕಾಕಾ ಕಣ್ಣು ಮುಚ್ಚಿಕೊಂಡ. ನೋವಿಗಲ್ಲ, ನಾನು ಬಲ್ಲೆ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗದಗಿನ ದಾರಿಯುದ್ದಕ್ಕೂ ಚಿಗವ್ವ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಒಂದು ಗುಟುಕು ನೀರನ್ನೂ ಕೊಡಲಿಲ್ಲ. ಮತ್ತೆ ಹೊಟ್ಟೆ ಕೊಯ್ಯುವ ಪ್ರಸಂಗ ಬಂದರೆ ಹೊಟ್ಟೆ ಖಾಲಿ ಇರಬೇಕು ಎಂಬುದು ಅವಳ ಲೆಕ್ಕ. ಕತ್ತು ಹೊರಳಿಸಿ ಹೊರಳಿಸಿ ಬಣ್ಣ ನೋಡುತ್ತಿದ್ದಳು. ಅಲ್ಲಿನ ಆಸ್ಪತ್ರೆಯ ವೈದ್ಯರು ಬೆರಳಿನಿಂದ ಮೆಲ್ಲಗೆ ಒತ್ತಿ, ಬಿಟ್ಟು, ಬ್ಯಾಟರಿ ಹಿಡಿದು ನೋಡಿದರು.

"ಯಾವಾಗ ಹೊರಗ ಬಂತ್ರಿ ಇದು?"

"ಮುಂಜಾನಿ ಅಂಗಡ್ಯಾಗ" ಎಂದ ಕಾಕಾ. "ಖಾರದ ಘಾಟಿಗೆ ಸೀನು ಬಂದ್ವು. ಏನೋ ಜಾರಿದಂಗಾತು."

"ಜೀವ ಐತಿ, ಬಣ್ಣ ತಿರಗಾಕ ಹತ್ತೇತಿ. ದಾರಾ ಹಂಗ ಬಿಟ್ಟಿದ್ರ ಇಷ್ಟೊತ್ತಿಗೆ ಕರಳ ಸಾಯ್ತಿತ್ತು" ಎಂದು ವೈದ್ಯರು ನರ್ಸಿನತ್ತ ತಿರುಗಿ ಸಕ್ಕರೆ ತರಲು ಹೇಳಿದರು.

ಕಾಕಾ ತಲೆ ಎತ್ತಿದ. "ಡಾಕ್ಟ್ರ, ನನಗ ಸಕ್ಕರಿ ಬ್ಯಾನಿ ಐತ್ರಿ. ಚಾದಾಗ ಸೈತ ಹಾಕ್ಕೊಳ್ಳೂದಿಲ್ಲ."

"ತಿನ್ನಾಕಲ್ರಿ ಯಜಮಾನ್ರ. ಬಾತಿದ್ದು ಇಳಿಯಾಕ."

ಕರುಳಿನ ಮೇಲೆ ಸಕ್ಕರೆ ಸುರಿದರು. ಅದು ನೀರು ಹೀರಿಕೊಂಡು ಬಾವು ಇಳಿಸುತ್ತದಂತೆ. ಸ್ವಲ್ಪ ಹೊತ್ತಿಗೆ ಇಳಿಯಿತು. ವೈದ್ಯರು ಮೆಲ್ಲಗೆ ಒಳಗೆ ತಳ್ಳಿದರು. ಚಿಗವ್ವನ ಮುಖ ನೋಡಿ "ನೀವು ಮನ್ಯಾಗ ಸಕ್ಕರಿ ಸುರ್ಯಾಕ ಹೋಗಬ್ಯಾಡ್ರಿ ಮತ್ತ. ಯಾವ ಕರಳಿಗೆ ಹಾಕಬೇಕು, ಯಾವದಕ್ಕ ಹಾಕಬಾರದು ನಾವು ನೋಡಬೇಕಾಗ್ತೈತಿ" ಎಂದರು. ಅವಳು ಆಗಲೇ ಮನಸ್ಸಿನಲ್ಲಿ ಒಂದು ಡಬ್ಬಿ ಸಕ್ಕರೆ ಬೇರೆ ತೆಗೆದಿಟ್ಟಿದ್ದಳೆಂದು ನನ್ನ ಅನುಮಾನ.

ಅಂದಿನಿಂದ ಕಾಕಾ ಅಂಗಡಿಗೆ ಕಾಲಿಡಲಿಲ್ಲ. ಸೀನು ಬಂದರೆ ಮೊದಲು ಹೊಟ್ಟೆಗೆ ಕೈ ಒತ್ತಿ ಹಿಡಿಯುತ್ತಿದ್ದ. ಉಡದಾರ ಮತ್ತೆ ಕಟ್ಟಲಿಲ್ಲ. ವೈದ್ಯರನ್ನು ಕೇಳಿ ಸಡಿಲಾಗಿ ಕಟ್ಟಬಹುದಲ್ಲ ಎಂದರು ಯಾರೋ. ಚಿಗವ್ವ ಕೇಳಲೂ ಬಿಡಲಿಲ್ಲ. "ಇವರ ಕೈಯಾಗ ಸಡ್ಲ ಅನ್ನೂದು ಇಲ್ಲ" ಎಂದಳು.

ಅಪಶಕುನವೆಂದು ಅಂಜಿದವರೆಲ್ಲ ಕಾದರು. ಏನೂ ಆಗಲಿಲ್ಲ. ವರ್ಷಗಳು ಸುಮ್ಮನೆ ಹೋದವು. ಚಿಗವ್ವ ಮೊಮ್ಮಗಳನ್ನು ಮಾಗಡಿ ಕೆರೆಗೆ ಕರೆದೊಯ್ದು ಪಕ್ಷಿ ತೋರಿಸಿ, ಊರ ಬಾತುಕೋಳಿಗಿಂತ ಅವುಗಳದೇ ಗದ್ದಲ ಹೆಚ್ಚು ಎಂದು ಬೈದು ಬಂದಳು. ಹೋದ ಚಳಿಗಾಲ ಅವಳಿಗೆ ಎದೆ ನೋವು ಬಂತು. ಮರುದಿನ ಇರಲಿಲ್ಲ.

ಅಂಗಳದಲ್ಲಿ ಜನ ಸೇರಿದ್ದರು. ಹಿರಿಯರೊಬ್ಬರು ಪದ್ಧತಿಯಂತೆ ಕಾಕಾನ ಉಡದಾರ ಹರಿಯಲು ಎದ್ದರು. ಕಾಕಾ ಎದ್ದು ನಿಂತ. ನನ್ನ ಮುಂದೆ ಅಂಗಿ ಎತ್ತಲು ನಾಚಿದ್ದವನು ಅಷ್ಟೂ ಜನರ ಮುಂದೆ ಎತ್ತಿದ. ಚೀಲವಿತ್ತು. ದಾರವಿರಲಿಲ್ಲ.

"ಆಕೀನ ಹರದಾಳ್ರಿ" ಎಂದ.

ಹಿಂದಿನಿಂದ ಒಬ್ಬ ಸಲಹೆ ಕೊಟ್ಟ: "ಈಗೊಂದು ಕಟ್ಟಿ ಹರದ್ರಾತಲ್ರಿ?" ಜನ ಒಪ್ಪುವಂತೆ ತಲೆದೂಗಿದರು. ಯಾರೋ ದಾರಕ್ಕೆಂದು ಒಳಗೆ ಹೊರಟರು ಕೂಡ.

"ಕಟ್ಟೂದಿಲ್ಲ" ಎಂದ ಕಾಕಾ. "ಆಕಿ ಬದುಕಿದ್ದಾಗ ಹರದದ್ದು ನನ್ನ ಜೀವಾ ಉಳಿಸಾಕ. ಅದರ ಮ್ಯಾಲ ಯಾರೂ ಕೈ ಆಡಸಬ್ಯಾಡ್ರಿ."

ಯಾರೂ ಆಡಿಸಲಿಲ್ಲ.

ಈಗ ಪ್ರತಿ ಭಾನುವಾರ ನಾನು ಮುಂಡರಗಿಗೆ ಹೋಗುತ್ತೇನೆ. ಉಳಿದ ದಿನ ಕಾಕಾ ಕನ್ನಡಿ ಹಿಡಿದು ತಾನೇ ನೋಡಿಕೊಳ್ಳುತ್ತಾನೆ, ಭಾನುವಾರ ಮಾತ್ರ ನಾನು ನೋಡಬೇಕು. ಕಿಟಕಿಯ ಬೆಳಕಿಗೆ ಕುಳಿತು ಬಾಯಿ ತೆರೆಯುತ್ತಾನೆ. ಗೋಡೆ ಹಿಡಿಯುವುದನ್ನು ನಾನು ಬಿಟ್ಟಿದ್ದೇನೆ. ಚಿಗವ್ವನ ನೆನಪಾಗಿ ಅಳು ಬರುತ್ತದೆ. ಆದರೆ ಕಣ್ಣು ಮಂಜಾದರೆ ಬಣ್ಣ ತಿಳಿಯುವುದಿಲ್ಲ. ಅದಕ್ಕೇ, ಮೊದಲು ನೋಡಿ ಮುಗಿಸುತ್ತೇನೆ.