ಮಾವನ ಉಗಿ ಲಾರಿ

ಇಟ್ಟಿಗೆ ಕಾರ್ಖಾನೆಯ ಹಿತ್ತಲಿಗೆ ಮೊಟ್ಟೆ ತರಲು ಹೋಗಿದ್ದ ವೆಲ್ಡರ್ ಅಕ್ಕ, ಕೋಳಿಗಳು ಕೂತಿದ್ದ ತುಕ್ಕುಹಿಡಿದ ಪೀಪಾಯಿಯೊಳಗೆ ಬಗ್ಗಿ ನೋಡಿದಳು. ಹುಲ್ಲಿನ ಹಿಂದೆ ಸಾಲುಸಾಲು ಕಬ್ಬಿಣದ ಕೊಳವೆಗಳು. ಇದು ಬಾಯ್ಲರ್ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಕೋಳಿ ಕೈ ಕುಕ್ಕಿದ್ದೂ ಗೊತ್ತಾಗಲಿಲ್ಲ.

ಡೀಸೆಲ್ ಲಾರಿಗಳ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದವಳು ಅವಳು. ಅವಳ ಮಾವನಿಗೆ ಎಂಬತ್ತನಾಲ್ಕು. ಹರೆಯದಲ್ಲಿ ಕಲ್ಲಿದ್ದಲು ಉರಿಸಿ ಓಡುವ ಲಾರಿ ಓಡಿಸುತ್ತಿದ್ದೆ ಎಂದು ಅವರು ಹೇಳಿದಾಗಲೆಲ್ಲ ಮನೆಯವರು ಮುಸಿಮುಸಿ ನಗುತ್ತಿದ್ದರು. ಸ್ಕೂಲ್ ಬಸ್ಸು ಓಡಿಸುವ ಅವಳ ಗಂಡನಂತೂ ಅದಕ್ಕೆ 'ಅಪ್ಪನ ಹೊಗೆ' ಎಂದೇ ಹೆಸರಿಟ್ಟಿದ್ದ.

ಮರುದಿನ ಅವಳು ಮಾವನನ್ನು ಹಿತ್ತಲಿಗೆ ಕರೆದೊಯ್ದಳು. ಅವರು ಪೀಪಾಯಿಯ ಹಿಂದೆ ಗಿಡಗಂಟಿಯಲ್ಲಿ ಹೂತಿದ್ದ ಲಾರಿಯ ಚೌಕಟ್ಟನ್ನು ಕಂಡು, ಅದರ ಮುರಿದ ಚಕ್ರದ ಮೇಲೆ ಕೈಯಾಡಿಸಿದರು.

"ನಾನು ಬುರುಡೆ ಬಿಟ್ಟೆ ಅಂತಿದ್ದ ನಿನ್ನ ಗಂಡ ಎಲ್ಲಿ? ಕರಿ ಅವನ್ನ."

ಕೋಳಿಗಳಿಗೆ ಹೊಸ ಗೂಡು ಮಾಡಿಕೊಟ್ಟರೆ ಹಳೆಯದನ್ನೆಲ್ಲ ಒಯ್ಯಬಹುದು ಎಂದರು ಕಾರ್ಖಾನೆಯ ಮಾಲೀಕರು. ಅವಳು ತಗಡಿನ ಗೂಡು ಬೆಸೆದು ಕೊಟ್ಟಳು.

ಐದು ವರ್ಷ, ಪ್ರತಿ ಭಾನುವಾರ, ಡಿಪೋದ ಹಳೆ ಶೆಡ್ಡಿನಲ್ಲಿ ಕೆಲಸ ನಡೆಯಿತು. ನಕ್ಷೆ ಇರಲಿಲ್ಲ. ಮಾವ ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂತು ಗಾಳಿಯಲ್ಲೇ ಲಿವರ್ ಎಳೆಯುವರು. ಅವರ ಕೈ ಹೋದ ಕಡೆ ಇವಳು ಗುರುತು ಹಾಕುವಳು. ಒಮ್ಮೆ ಮಾತ್ರ ಜಗಳವಾಯಿತು. ನೀರಿನ ಪಂಪಿನ ಲಿವರ್ ಎಡಕ್ಕಿತ್ತು ಎಂದರು ಅವರು. ತೂತುಗಳೆಲ್ಲ ಬಲಗಡೆ ಇವೆ ಎಂದಳು ಇವಳು. ವಾರವಿಡೀ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಮುಂದಿನ ಭಾನುವಾರ ಎಡಗಡೆಯ ಬಣ್ಣ ಕೆರೆದಾಗ ಮುಚ್ಚಿಹೋಗಿದ್ದ ಹಳೆಯ ತೂತುಗಳು ಕಂಡವು.

"ತಪ್ಪಾಯ್ತು ಮಾವ."

"ಇರ್ಲಿ ಬಿಡು. ಇವತ್ತು ಅಡುಗೆ ನಾನು ಮಾಡ್ತೀನಿ, ನೀನು ತೂತು ಕೊರಿ."

ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು, ತಣ್ಣೀರು ತುಂಬಿಸಿ ಒತ್ತಡ ಏರಿಸಿದಾಗ ಒಂದು ಕೊಳವೆಯ ಬುಡದಲ್ಲಿ ನೀರು ಜಿನುಗಿತು. ಅವರು ಆಗದು ಎಂದು ತಲೆಯಾಡಿಸಿ ಹೊರಟುಹೋದರು. ಅಕ್ಕ ಆ ಕೊಳವೆ ಕಿತ್ತು ಹೊಸದು ಕೂರಿಸಿದಳು. ಮುಂದಿನ ತಿಂಗಳು ಮತ್ತೆ ಪರೀಕ್ಷಿಸಿದಾಗ ಒತ್ತಡದ ಮೀಟರಿನ ಮುಳ್ಳು ಅರ್ಧ ಗಂಟೆ ಅಲುಗಾಡದೆ ನಿಂತಿತು. ಇನ್ಸ್‌ಪೆಕ್ಟರ್ ಸಹಿ ಹಾಕಿ, ತಾವೂ ಒಂದು ಸುತ್ತು ಬರಬಹುದೇ ಎಂದು ಸಂಕೋಚದಿಂದ ಕೇಳಿದರು.

ಮೊದಲ ಓಟದ ದಿನ ಬೆಳಿಗ್ಗೆ ಬೆಂಕಿ ಹಚ್ಚಿ ಎರಡು ಗಂಟೆ ಕಾದ ಮೇಲೆ, ಮಾವ ಲಿವರ್ ಎಳೆದಾಗ ಲಾರಿ ಹೊರಟಿತು. ಗಡಗಡ ಸದ್ದನ್ನು ನಿರೀಕ್ಷಿಸಿ ಕಿವಿ ಮುಚ್ಚಿಕೊಂಡಿದ್ದ ಗಂಡ, ಅದು ಉಸಿರುಬಿಡುವಷ್ಟೇ ಸದ್ದು ಮಾಡಿ ಮುಂದೆ ಸಾಗಿದಾಗ ಕೈ ಕೆಳಗಿಳಿಸಿದ.

"ಅಪ್ಪಾ, ಇದು ಓಡ್ತಾ ಇದ್ಯಾ?"

"ನೀನು ನಿಂತಿದೀಯ, ಅದು ದೂರ ಹೋಗ್ತಿದೆ. ಇನ್ನೇನು?"

ಪೇಟೆಯ ಲಾಂಡ್ರಿಯ ಮುಂದೆ ಬರುವಷ್ಟರಲ್ಲಿ ಲಾರಿಯ ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿಯಿತು. ಲಾಂಡ್ರಿಯಾಕೆ ಅಂಗಡಿ ಬಿಟ್ಟು ಬಕೆಟ್ ಹಿಡಿದು ಓಡಿಬಂದಳು. ಕ್ಷೌರಿಕ, ಅವನ ಅರ್ಧ ಗಡ್ಡದ ಗಿರಾಕಿ, ಎಲ್ಲರೂ ಸಾಲುನಿಂತು ನೀರು ದಾಟಿಸಿದರು. ಮಾವ ಸೇತುವೆಯವರೆಗೆ ಓಡಿಸಿ, ತಿರುಗಿಸಿ, ಇಳಿದು ಸೊಸೆಗೆ ಸೀಟು ಬಿಟ್ಟುಕೊಟ್ಟರು. ಅವರ ಮುಖದ ಮಸಿಯಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು.

ಈಗ ಬಾಯ್ಲರ್ ನಡೆಸುವ ಪರವಾನಗಿ ಅವಳದ್ದೇ. ಮಾವ ಪಕ್ಕದಲ್ಲಿ ಕೂತು ಕಲ್ಲಿದ್ದಲು ಹಾಕುತ್ತಾರೆ, ತಿರುವು ಬಂದಾಗಲೆಲ್ಲ ಅವಳ ಡ್ರೈವಿಂಗ್ ಬಗ್ಗೆ ಗೊಣಗುತ್ತಾರೆ.