ವಿಯೆನ್ನಾಕ್ಕೆ ಮುಂಚೆ ಕೊರಟಗೆರೆ

ದೊಡ್ಡೇರಿಯಿಂದ ಬೆಳಗಿನ ಮೊದಲ ಬಸ್ಸಿಗೆ ನಾನೂ ನನ್ನ ಹೆಂಡತಿ ಜಯಮ್ಮನೂ ಹೊರಟಾಗ ನಮ್ಮ ಜೊತೆ ಚಕ್ರವಿರುವ ಎರಡು ಹೊಸ ಸೂಟ್‌ಕೇಸುಗಳಿದ್ದವು. ಒಳಗೆ ಬಟ್ಟೆ ಇರಲಿಲ್ಲ, ರಾಗಿ ಇತ್ತು. ಯುರೋಪಿಗೆ ಹೋದಾಗ ಎಷ್ಟು ಭಾರ ಎಳೆಯಬೇಕೋ ಅಷ್ಟೇ ಭಾರವನ್ನು ಇಲ್ಲೇ ಎಳೆದು, ಹತ್ತಿ, ಇಳಿದು, ಓಡಿ ನೋಡಬೇಕೆಂಬುದು ನನ್ನ ಲೆಕ್ಕ. ಹಾಲಿನ ಡೈರಿಯ ರಂಗಣ್ಣ ಒಂದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. "ಏನಣ್ಣ ಇದು, ಪೆಟ್ಟಿಗೇಲಿ ಹೆಣ ಗಿಣ ಐತಾ?" ಎಂದ. ರಾಗಿ ಎಂದಿದ್ದರೆ ಇಡೀ ಹೋಬಳಿಗೆ ಸುದ್ದಿಯಾಗುತ್ತಿತ್ತು.

ನಾನು ಓದಿದ್ದು ಆರನೇ ಕ್ಲಾಸು. ಆಮೇಲೆ ಟ್ರಾಕ್ಟರ್, ಟಿಪ್ಪರ್, ಈಗ ಸ್ವಂತ ಜೆಸಿಬಿ. ನಮ್ಮ ಸೀಮೆಗೆ ಬರಲಿರುವ ರೈಲಿನ ದಾರಿಗೆ ಏರಿ ಹಾಕಿದವರಲ್ಲಿ ನಾನೂ ಒಬ್ಬ. ನಾನು ಮಣ್ಣು ಸುರಿದ ಕಡೆ ಇನ್ನೂ ಹಳಿ ಬಿದ್ದಿಲ್ಲ, ಹುಲ್ಲು ಬೆಳೆದಿದೆ. ಮಿಡಿಗೇಶಿಯಲ್ಲಿ ನೆಂಟರ ಮನೆಯ ಲಗ್ನಶಾಸ್ತ್ರದ ದಿನ ಯಾರೋ ಯುರೋಪಿನ ಪ್ಯಾಕೇಜ್ ಟೂರಿನ ಮಾತು ತೆಗೆದರು. "ಗೈಡು ಹಿಡಿದ ಬಾವುಟ ನೋಡ್ಕೊಂಡು ಕುರಿ ಥರ ಹೋಗೋ ಆಳಲ್ಲ ನಾನು. ಹೋದ್ರೆ ರೈಲಲ್ಲಿ, ನಾವೇ, ಊರಿಂದ ಊರಿಗೆ" ಎಂದುಬಿಟ್ಟೆ. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ. ಆದರೆ ಅಂದಿನಿಂದ ಒಳಗೊಳಗೇ ಹೆದರಿದ್ದೆ.

ಟಿಕೆಟ್ಟಿನ ಕೆಲಸ ವಹಿಸಿಕೊಂಡವನು ಸಿರಾದ ರಫೀಕ್. ಮೊದಲು ನನ್ನ ಜೊತೆ ಲಾರಿ ಓಡಿಸುತ್ತಿದ್ದ. ಈಗ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡು ಟಿಕೆಟ್ ಬುಕ್ ಮಾಡಿಕೊಡುತ್ತಾನೆ. ಪ್ಯಾರಿಸ್, ಜ್ಯೂರಿಕ್, ಮ್ಯೂನಿಕ್, ವಿಯೆನ್ನಾ, ನಾಲ್ಕೂ ಊರು ಒಂದೇ ವಾರದಲ್ಲಿ. ಒಂದು ಕಡೆ ರೈಲು ಇಳಿದು ಇನ್ನೊಂದು ಹತ್ತಲು ಇರುವುದು ಎಂಟೇ ನಿಮಿಷ. ಆ ಎಂಟು ನಿಮಿಷ ಕೇಳಿದ ಮೇಲೆಯೇ ನನಗೆ ಈ ತಾಲೀಮಿನ ಯೋಚನೆ ಬಂದದ್ದು. ಸಿರಾವನ್ನು ಪ್ಯಾರಿಸ್ ಅಂದುಕೊಳ್ಳುವುದು, ಪಾವಗಡವನ್ನು ಜ್ಯೂರಿಕ್, ಮಧುಗಿರಿಯನ್ನು ಮ್ಯೂನಿಕ್, ಕೊರಟಗೆರೆಯನ್ನು ವಿಯೆನ್ನಾ. ಒಂದೇ ದಿನದಲ್ಲಿ ನಾಲ್ಕೂ ಮುಗಿಸಿ ಮನೆ ಸೇರುವುದು.

ಕಾಯಿದೆಯನ್ನೂ ನಾನೇ ಮಾಡಿದೆ. ಅಲ್ಲಿ ನಮ್ಮ ಭಾಷೆ ಯಾರಿಗೂ ಬರುವುದಿಲ್ಲ, ಆದ್ದರಿಂದ ಸಿರಾ ಬಿಟ್ಟ ಮೇಲೆ ಬಾಯಿ ಬಿಡುವ ಹಾಗಿಲ್ಲ. ಬೋರ್ಡು ನೋಡಬೇಕು, ಕೈಸನ್ನೆ ಮಾಡಬೇಕು. ಅಲ್ಲಿ ಸಿಮ್ ಇರುವುದು ನನ್ನ ಫೋನಿಗೆ ಮಾತ್ರ, ಆದ್ದರಿಂದ ಜಯಮ್ಮನ ಫೋನು ಮನೆಯಲ್ಲೇ ಇರಬೇಕು.

ಸಿರಾದಲ್ಲಿ ರಫೀಕ್ ಚಹಾ ಕುಡಿಸಿದ. ಸೂಟ್‌ಕೇಸು ಅಲ್ಲಾಡಿಸಿ ನೋಡಿ ನಕ್ಕ. "ಅರೇ ಭಾಯ್, ಮುದ್ದೆ ಮಾಡ್ಕೊಂಡ್ ತಿನ್ನಕ್ಕೆ ಒಯ್ತಿದೀಯಾ? ಈ ರೇಟಿಗೆ ಟಿಕೆಟ್ ಇರೋದು ಇವತ್ತು ರಾತ್ರಿವರ್ಗೇ. ಸಂಜೆ ಫೋನ್ ಮಾಡ್ತೀನಿ, ಹೂಂ ಅಂದ್ರೆ ಬುಕ್ಕು. ಬುಕ್ ಆದ್ಮೇಲೆ ವಾಪಸ್ ಬಿಲ್ಕುಲ್ ಇಲ್ಲ."

"ನೀನು ಈಗ್ಲೇ ಮಾಡಿದ್ರೂ ನಮಗೇನೂ ಇಲ್ಲ" ಎಂದೆ. ಜಯಮ್ಮ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಒಟ್ಟಿಗೆ ಬಾಳಿದವಳಿಗೆ ನನ್ನ ದನಿ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಗೊತ್ತಿರುತ್ತದೆ.

ಸಿರಾದಿಂದ ಪಾವಗಡದ ಬಸ್ಸು ಹತ್ತಿದ ಮೇಲೆ ಇಬ್ಬರೂ ಬಾಯಿ ಮುಚ್ಚಿದೆವು. ದಾರಿ ನಡುವೆ ಆಂಧ್ರದ ನೆಲ ಬಂತು, ಬೋರ್ಡುಗಳು ತೆಲುಗಾದವು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಎಷ್ಟೋ ಸಲ ಓಡಾಡಿದ ದಾರಿಯೇ. ಆದರೆ ಬಾಯಿ ಮುಚ್ಚಿ ಕೂತು ನೋಡಿದರೆ ಅದೇ ದಾರಿ ಬೇರೆ ಥರ ಕಾಣುತ್ತದೆ. ಅಲ್ಲಿ ಎಲ್ಲಾ ಬೋರ್ಡುಗಳೂ ಹೀಗೇ ಇರುತ್ತವಲ್ಲ ಎಂದು ಕಿಟಕಿಯಿಂದ ಮುಖ ತಿರುಗಿಸಿದೆ. ಬಿಸಿಲು ಹೊರಗೆ ಬಂಡೆ ಸುಡುತ್ತಿತ್ತು.

ಬಸ್ಸು ತಡವಾಗಿ ಪಾವಗಡ ಸೇರಿತು. ಇಳಿಯುವ ಹೊತ್ತಿಗೆ ಮಧುಗಿರಿಯ ಪ್ರೈವೇಟ್ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ನಾನು ಬೆರಳು ತೋರಿಸಿದೆ, ಇಬ್ಬರೂ ಓಡಿದೆವು. ಆ ಬಸ್ಸಿಗೆ ಎರಡು ಬಾಗಿಲು. ನಮ್ಮ ಕಡೆ ಹೆಂಗಸರು ಮುಂದಿನ ಬಾಗಿಲಲ್ಲಿ ಹತ್ತುತ್ತಾರೆ, ಗಂಡಸರು ಹಿಂದಿನದರಲ್ಲಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಕಾಲು ತಾನಾಗಿ ಹೋಗುತ್ತದೆ. ಜಯಮ್ಮ ಮುಂದಕ್ಕೆ ಹೋದಳು. ನಾನು ಎರಡೂ ಸೂಟ್‌ಕೇಸು ಎಳೆದುಕೊಂಡು ಹಿಂದಕ್ಕೆ ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೊರಗಿನಿಂದ ಬಸ್ಸಿನ ತಗಡಿಗೆ ದಬ್ ದಬ್ ಎಂದು ಎರಡು ಏಟು ಬಿತ್ತು. ಎಲ್ಲರೂ ಹತ್ತಿದರು, ಹೊರಡಲಿ ಎಂದು ಕ್ಲೀನರ್ ಬಡಿಯುವ ಏಟು. ಬಸ್ಸು ಹೊರಟಿತು.

ಕಂಡಕ್ಟರ್ ಬಂದಾಗ ಎರಡು ಬೆರಳು ತೋರಿಸಿ, ಮುಂದಕ್ಕೆ ಕೈ ಮಾಡಿದೆ.

"ಮುಂದೆ ಒಂದು ಲೇಡೀಸಾ? ಎಲ್ಲಿಗೆ, ಮಧುಗಿರಿಗಾ?"

ತಲೆಯಾಡಿಸಿದೆ. ಎರಡು ಟಿಕೆಟ್ ಹರಿದು ಕೊಟ್ಟ. ಜ್ಯೂರಿಕ್ ಗೆದ್ದೆವು ಎಂದುಕೊಂಡೆ. ಮಾತಿಲ್ಲದೆ, ಓಡಿ, ಹತ್ತಿ, ಟಿಕೆಟ್ಟನ್ನೂ ತೆಗೆದುಕೊಂಡಿದ್ದೆವು.

ಮಿಡಿಗೇಶಿಯಲ್ಲಿ ಮುಂದಿದ್ದ ಹೆಂಗಸರೆಲ್ಲ ಯಾವುದೋ ಮದುವೆ ಮನೆಗೆ ಇಳಿದರು. ಮುಂದಿನ ಸೀಟುಗಳು ಖಾಲಿಯಾದವು. ಒಂದು ಸೀಟಿನಲ್ಲಿ ಒಬ್ಬ ಮುದುಕಿ, ಇನ್ನೊಂದರಲ್ಲಿ ಕಾಲೇಜು ಹುಡುಗಿ. ಜಯಮ್ಮ ಇರಲಿಲ್ಲ.

ಇಳಿದ ಹೆಂಗಸರ ಕಡೆ ನೋಡಿದೆ. ಅಲ್ಲೂ ಇಲ್ಲ. "ನಿಲ್ಸಿ! ನಮ್ಮನೆಯೋಳು ಹತ್ತಿಲ್ಲ!" ಎಂದು ಕೂಗಿದೆ.

ಕಂಡಕ್ಟರ್ ಬೆಚ್ಚಿದ. "ಅಯ್ಯೋ ಯಜಮಾನ್ರೇ, ಮಾತು ಬತ್ತದಾ ನಿಮಗೆ? ಮೂಗ್ರು ಅಂದ್ಕೊಂಡಿದ್ನಲ್ಲ!" ಹಿಂದಿನ ಸೀಟಿನಿಂದ ಯಾರೋ, "ಹೆಂಡ್ತಿ ಬುಟ್ಟು ಪೆಟ್ಟಿಗೆ ಹತ್ತಿಸ್ಕೊಂಡವ್ರೆ ಕಣ್ಲಾ" ಎಂದರು. ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಸುಮ್ಮನಿರುತ್ತಿರಲಿಲ್ಲ. ಅವತ್ತು ಸೂಟ್‌ಕೇಸುಗಳನ್ನು ಎಳೆದುಕೊಂಡು ಇಳಿದೆ.

ಜಯಮ್ಮನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈಕಾಲು ನಡುಗಿ, ಕಣ್ಣು ಕತ್ತಲೆ ಬಂದು ಕೂತುಬಿಡುತ್ತಾಳೆ. ಊಟದ ಡಬ್ಬಿ ನನ್ನ ಸೂಟ್‌ಕೇಸಿನ ಮೇಲಿನ ಜೇಬಿನಲ್ಲಿತ್ತು. ಅವಳ ಫೋನು ಮನೆಯಲ್ಲಿತ್ತು. ಯಾರನ್ನೂ ಮಾತಾಡಿಸಬಾರದೆಂಬ ಕಾಯಿದೆ ಅವಳ ತಲೆಯಲ್ಲಿತ್ತು. ಮೂರೂ ನಾನು ಮಾಡಿದ ಏರ್ಪಾಡೇ.

ಸೂಟ್‌ಕೇಸುಗಳನ್ನು ಚಹಾದಂಗಡಿಯಲ್ಲಿ ಬಿಟ್ಟು ರಸ್ತೆಗೆ ಅಡ್ಡ ನಿಂತೆ. ಪಾವಗಡದ ಕಡೆ ಹೋಗುತ್ತಿದ್ದ ಟಿಪ್ಪರ್ ನಿಂತಿತು. ಓಡಿಸುತ್ತಿದ್ದವನು ನನ್ನ ಬಳಿ ಕೆಲಸ ಕಲಿತ ಮಂಜ. "ಏನಣ್ಣ, ಮುಖ ಹಿಂಗೆ ಬೂದಿ ಬಳಿದಂಗೈತೆ?" ಎಂದ. ಹೇಳಿದೆ. ಅವನು ಗೇರ್ ಹಾಕಿದ.

ಮಿಡಿಗೇಶಿಯ ಬೆಟ್ಟ ಹಿಂದೆ ಸರಿಯಿತು. ಪಾವಗಡದ ಸ್ಟ್ಯಾಂಡಿನಿಂದ ಕಲ್ಯಾಣದುರ್ಗಕ್ಕೆ ಬಸ್ಸಿದೆ, ಹಿಂದೂಪುರಕ್ಕೆ ಬಸ್ಸಿದೆ. ಯಾವುದಾದರೂ ತಪ್ಪು ಬಸ್ಸು ಹತ್ತಿದ್ದರೆ? ಎಲ್ಲಾದರೂ ಬಿದ್ದಿದ್ದರೆ, ಹೆಸರು ಕೇಳಿದರೂ ಹೇಳದೆ ಇದ್ದರೆ? ಕಣ್ಣು ಮುಚ್ಚಿದರೆ ನಾನೆಂದೂ ನೋಡದ ಒಂದು ರೈಲ್ವೆ ಸ್ಟೇಷನ್ನು ಕಾಣುತ್ತಿತ್ತು. ಮುಚ್ಚಿಕೊಂಡ ಗಾಜಿನ ಬಾಗಿಲು, ಹೊರಗೆ ಜಯಮ್ಮ, ಒಳಗೆ ನಾನು. ರಫೀಕನಿಗೆ ಫೋನ್ ಮಾಡಿ, "ಏನೂ ಬುಕ್ ಮಾಡ್ಬ್ಯಾಡ. ಎಲ್ಲಾ ಕ್ಯಾನ್ಸಲ್ಲು" ಎಂದೆ.

"ಮೊದ್ಲು ಭಾಬಿ ಸಿಗ್ಲಿ ಭಾಯ್. ಸಂಜೆವರ್ಗೂ ನಾನೇನೂ ಮುಟ್ಟಲ್ಲ" ಎಂದ.

ಪಾವಗಡದ ಸ್ಟ್ಯಾಂಡಿನಲ್ಲಿ ಅವಳಿರಲಿಲ್ಲ. ಬೆಂಚುಗಳು, ನೀರಿನ ಟ್ಯಾಂಕು, ಹೆಂಗಸರ ಶೌಚಾಲಯದ ಬಾಗಿಲು, ಎಲ್ಲಾ ಕಡೆ ಹೆಸರು ಹಿಡಿದು ಕೂಗಿದೆ. ಹೂ ಮಾರುತ್ತಿದ್ದ ಹೆಂಗಸೊಬ್ಬಳು ಕರೆದಳು. ಕ್ಯಾತಗಾನಚೆರ್ಲು ಕಡೆಯವಳಂತೆ, ಹೊಲ ಸೋಲಾರ್ ಕರೆಂಟಿನ ಕಂಪನಿಗೆ ಕೊಟ್ಟು ಈಗ ಹೂವಿನ ವ್ಯಾಪಾರ.

"ಹಸ್ರು ಸೀರೆ ಅಮ್ಮನ್ನಾ ಹುಡ್ಕೋದು? ಪಾಪಂ, ಮೂಗದಿ ಅನುಕುಂಟಿನಿ" ಎಂದಳು. ಜಯಮ್ಮನೂ ಅವಳಿಗೆ ಮೂಗಿಯಂತೆ ಕಂಡಿದ್ದಳು. "ಕಣ್ಣಾಗೆ ನೀಳ್ಳು ತುಂಬ್ಕೊಂಡಿತ್ತು. ಹಿಂಗೆ ಹೊಟ್ಟೆ ಮುಟ್ಟಿ ತೋರ್ಸಿದ್ಲು. ಬಾಳೆಹಣ್ಣು ಕೊಟ್ಟೆ, ತಿಂದ್ಲು. ಆಮೇಲೆ ಬೋರ್ಡ್ ನೋಡಿ ತುಮಕೂರ್ ಬಸ್ ಹತ್ತಿ ಹೊಂಟೋದ್ಲು."

ತಿಂದಳು ಎಂಬ ಒಂದು ಮಾತಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ತುಮಕೂರು ಬಸ್ಸು ಮಧುಗಿರಿಯಲ್ಲೂ ನಿಲ್ಲುತ್ತದೆ, ಕೊರಟಗೆರೆಯಲ್ಲೂ ನಿಲ್ಲುತ್ತದೆ. ನಾನು ಟಿಪ್ಪರಿನಲ್ಲಿ ಬರುವಾಗ ಅವಳ ಬಸ್ಸು ಎದುರಿಗೇ ದಾಟಿ ಹೋಗಿರಬೇಕು. ಎಲ್ಲಿ ಇಳಿಯುತ್ತಾಳೆ? ತಪ್ಪಿಸಿಕೊಂಡರೆ ಎಲ್ಲಿ ಕಾಯಬೇಕು ಎಂಬ ಒಂದು ಮಾತನ್ನೂ ನಾವು ಆಡಿಕೊಂಡಿರಲಿಲ್ಲ. ಎಂಟು ನಿಮಿಷದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವನಿಗೆ ಅದು ಹೊಳೆದಿರಲಿಲ್ಲ.

ಸಿಕ್ಕ ಬಸ್ಸು ಹಿಡಿದು ಮಧುಗಿರಿಗೆ ಬಂದೆ. ಡ್ರೈವರಿನ ಬೆನ್ನ ಹಿಂದೆಯೇ, ಹೆಂಗಸರ ಜಾಗದಲ್ಲಿ ನಿಂತಿದ್ದೆ. ಯಾರೋ ಬೈದರು, ಕಿವಿಗೆ ಹೋಗಲಿಲ್ಲ. ಮಧುಗಿರಿ ಸ್ಟ್ಯಾಂಡಿನಲ್ಲಿ ಅವಳಿಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿದೆ, ಊರಿಗೂ ಬಂದಿಲ್ಲ. ಬೆಟ್ಟದ ನೆರಳು ಪೇಟೆಯ ಮೇಲೆ ಬಿದ್ದಿತ್ತು. ಕೊರಟಗೆರೆ ಒಂದೇ ಉಳಿದಿತ್ತು. ಅಲ್ಲೂ ಇಲ್ಲದಿದ್ದರೆ ಪೊಲೀಸ್ ಠಾಣೆಗೆ ಹೋಗಬೇಕು, ಏನೆಂದು ಹೇಳಬೇಕು ಎಂದು ಬಸ್ಸಿನಲ್ಲಿ ಬಾಯಲ್ಲೇ ಗುನುಗಿಕೊಂಡೆ. ಯುರೋಪಿನ ತಾಲೀಮು ಎಂದು ಯಾವ ಬಾಯಲ್ಲಿ ಹೇಳುವುದು?

ಕೊರಟಗೆರೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಚಪ್ಪಲಿ ಬಿಟ್ಟು, ಕಾಲು ಮಡಚಿಕೊಂಡು ಜಯಮ್ಮ ಕಡಲೇಕಾಯಿ ಸುಲಿಯುತ್ತಿದ್ದಳು.

"ಜಯಾ!" ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಆಮೇಲೆ ಅದೇ ಬೆರಳಿನಿಂದ ಮೇಲಿದ್ದ 'ಕೊರಟಗೆರೆ' ಎಂಬ ಬೋರ್ಡು ತೋರಿಸಿದಳು. ನಾನು ಅವಳ ಪಕ್ಕ ಕೂತೆ. ಅವಳೇ ಮಾತು ಶುರು ಮಾಡಿದಳು.

"ನೀನ್ ಮಾಡಿದ್ ಕಾಯ್ದೆ, ನೀನೇ ಮುರ್ದಲ್ಲ."

"ಯಾಕೆ ಹತ್ತಲಿಲ್ಲ?"

"ಹತ್ತಾಕೆ ಜಾಗ ಎಲ್ಲಿತ್ತು? ಮದ್ವೆ ಹೆಂಗಸ್ರೆಲ್ಲ ಬಾಗ್ಲಾಗೆ ನಿಂತಿದ್ರು. ಬಾಯಿ ಬುಡಂಗಿಲ್ಲ. ನಿಲ್ಸು ಅಂತ ಬಸ್ಸಿಗೆ ಎಲ್ಡು ಏಟು ಬಡ್ದೆ. ಡ್ರೈವರ್ ಹೊಂಟೇ ಬುಟ್ಟ."

ಆ ಎರಡು ಏಟು ನಾನೂ ಒಳಗೆ ನಿಂತು ಕೇಳಿದ್ದೆ, ಕ್ಲೀನರನದು ಎಂದುಕೊಂಡಿದ್ದೆ. ಈಗ ಮತ್ತೆ ಎದೆಯ ಮೇಲೆ ಬಿದ್ದ ಹಾಗಾಯಿತು.

"ಬಸ್ಸು ಹೊಂಟ್ಮೇಲಾದ್ರೂ ಯಾರನ್ನಾದ್ರೂ ಕೇಳಿ ಫೋನ್ ಮಾಡ್ಬಾರ್ದಾ?"

"ಅಲ್ಲಿ ಯಾರ್ನ ಕೇಳ್ಲಿ?" ಎಂದಳು. ಅಲ್ಲಿ ಎಂದರೆ ಪಾವಗಡವಲ್ಲ, ಯುರೋಪು ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. "ಜೀವ ಬಾಯಿಗೆ ಬಂದಿತ್ತು. ಆದ್ರೂ ನೋಡೇ ಬುಡಾನ, ಮಾತಾಡ್ದೆ ಕೊನೇ ಊರ್ ಸೇರಿದ್ರೆ ಹೋಗಾದು, ಇಲ್ದಿದ್ರೆ ಬ್ಯಾಡ, ಅಂದ್ಕೊಂಡೆ. ನೀನೆಲ್ಲೋಗಿದ್ದೆ, ಹಿಂದಕ್ಕೆ ಪಾವಗಡಕ್ಕಾ? ಪ್ಲಾನಿದ್ದದ್ದು ಮುಂದಕ್ಕಲ್ವಾ?"

ಅಷ್ಟರಲ್ಲಿ ರಫೀಕನ ಫೋನು ಬಂತು. "ಭಾಬಿ ಸಿಕ್ಕಿದ್ರಾ? ಅಲ್ಲಾ ದೊಡ್ಡೋನು. ಹಂಗಾದ್ರೆ ಕ್ಯಾನ್ಸಲ್ಲೇ ತಾನೆ?" ಜಯಮ್ಮ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ಮಾಡಪ್ಪ ಬುಕ್ಕು. ಒಂದ್ ಮಾತು. ಅಲ್ಲಿ ರೈಲಿಗೆ ಎಷ್ಟ್ ಬಾಗ್ಲಾನ ಇರ್ಲಿ, ನಾವಿಬ್ರೂ ಒಂದ್ರಾಗೇ ಹತ್ತದು. ಆ ಎಂಟ್ ನಿಮಿಷದ ಓಟ ನಮ್ಮ ಕೈಲಾಗಲ್ಲ."

"ಅದನ್ನ ತೆಗುದ್ರೆ ಒಂದೂರು ಬಿಡ್ಬೇಕಾಗ್ತದೆ ಭಾಬಿ. ಯಾವೂರು ಬಿಡ್ಲಿ, ಭಾಯಿನ್ನ ಕೇಳಿ."

ಇಷ್ಟು ದಿನ ಒಂದೂರೂ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದವನು ನಾನೇ. "ಪಾವಗಡ ಬುಡು" ಎಂದೆ. ಆ ಕಡೆ ರಫೀಕ್ ನಗುವುದು ಬಹಳ ಹೊತ್ತು ಕೇಳಿಸಿತು.

ಮಿಡಿಗೇಶಿಯಲ್ಲಿ ಬಿಟ್ಟ ಸೂಟ್‌ಕೇಸುಗಳನ್ನು ನಾಳೆ ತಂದರಾಯಿತು ಎಂದು ಊರಿನ ಕಡೆ ಹೊರಟೆವು. ಕೊರಟಗೆರೆಯಿಂದ ಮಧುಗಿರಿಗೆ ಹೊರಟ ಬಸ್ಸಿಗೂ ಎರಡು ಬಾಗಿಲು. ಜಯಮ್ಮನ ಹಿಂದೆಯೇ ಮುಂದಿನ ಬಾಗಿಲಲ್ಲಿ ಹತ್ತಿದೆ. "ಯಜಮಾನ್ರೇ, ಗಂಡಸ್ರೆಲ್ಲ ಹಿಂದ್ಕೆ!" ಎಂದು ಕ್ಲೀನರ್ ಕೂಗಿದ. ಹೆಂಗಸರು ಸೆರಗು ಸರಿಮಾಡಿಕೊಂಡು ಗುರಾಯಿಸಿದರು. ನಾನು ಜಯಮ್ಮನ ಸೀಟಿನ ಕಂಬಿ ಹಿಡಿದು ನಿಂತೆ.

ಕಿಟಕಿಯಾಚೆ, ದೂರದಲ್ಲಿ, ರೈಲಿಗಾಗಿ ಹಾಕಿದ ಏರಿ ಸಂಜೆಯ ಬೆಳಕಿನಲ್ಲಿ ಉದ್ದಕ್ಕೆ ಮಲಗಿತ್ತು. ಅದನ್ನು ಕಂಡಾಗ ಇಷ್ಟು ದಿನ ಹೆಮ್ಮೆಯಾಗುತ್ತಿತ್ತು. ಅವತ್ತು ಅದರ ಮೇಲೆ ಓಡುವ ರೈಲಿನ ಬಾಗಿಲುಗಳೇ ಕಣ್ಣಿಗೆ ಬಂದವು.

"ಭಯ ಆಯ್ತಾ?" ಎಂದು ಜಯಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ" ಎಂದೆ. ಅವಳು ಸುಲಿದ ಕಡಲೇಕಾಯಿ ನಾಲ್ಕು ನನ್ನ ಕೈಗೆ ಹಾಕಿದಳು.

ಕಂಡಕ್ಟರ್ ಬಂದ. "ಎಷ್ಟು?"

"ಎರಡು ಮಧುಗಿರಿ."

"ಇನ್ನೊಬ್ರೆಲ್ಲಿ?"

ನಾನು ಮೊದಲು ತಿರುಗಿ ಅವಳನ್ನು ನೋಡಿದೆ. ನೋಡಿದ ಮೇಲೆಯೇ, "ಇಲ್ಲೇ ಅವ್ಳೆ" ಎಂದೆ.